ಉಳಿ ಮಸೆಯುವವನ ಕಲ್ಲು

"ಬುದ್ಧಿ, ಮನುಷ್ಯನನ್ನು ಮೇಲೆತ್ತುವುದು ಅವನ ಛಲವೋ, ಕೂಡಿಬಂದ ಕಾಲವೋ?"

ಕೇಳಿದವನು ಮರುಳಪ್ಪ. ಮಠಕ್ಕೆ ನೀರು ಸೇದುವ ಕೆಲಸಕ್ಕೆ ಬಂದು, ಸೇದುತ್ತಲೇ ಪಾಠ ಕೇಳಿಸಿಕೊಂಡು ಶಿಷ್ಯನಾದವನು. ಅಂದು ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುರುಗಳ ಗಂಟಲು ಕಟ್ಟಿತ್ತು. ಸಂಜೆಯ ಸಭೆಯಲ್ಲಿ ಪ್ರವಚನ ಮಾಡುವಂತೆ ಅವನಿಗೇ ಅಪ್ಪಣೆಯಾಗಿತ್ತು. ಎಲ್ಲವೂ ತನ್ನ ಛಲದ ಫಲವೆಂದು ಗುರುಗಳ ಬಾಯಿಂದಲೇ ಕೇಳುವ ಆಸೆ ಅವನಿಗೆ.

ಗುರುಗಳು ಪಿಸುದನಿಯಲ್ಲಿ ಕತೆ ಹೇಳಿದರು.

ಶಿಲ್ಪಿಗಳ ಚಪ್ಪರದಲ್ಲಿ ಒಬ್ಬ ಉಳಿ ಮಸೆಯುವವನಿದ್ದ. ಮೊಂಡಾದ ಉಳಿಗಳನ್ನು ಮಸೆದು, ಬಿಸಾಡಿದ ಕಲ್ಲಿನ ಮೇಲೆ ಒಂದು ಏಟು ಹಾಕಿ, ಮೊನೆ ನೋಡಿ ಹಿಂದಿರುಗಿಸಬೇಕು. ಅವನ ಕೆಲಸ ಅಷ್ಟೇ, ಮೂರ್ತಿಯನ್ನು ಮುಟ್ಟುವಂತಿರಲಿಲ್ಲ. ಬೇರೆ ಮಸೆಯುವವರು ಆ ಏಟನ್ನು ಎಲ್ಲೆಂದರಲ್ಲಿ ಹಾಕುತ್ತಿದ್ದರು. ಇವನೋ, ಒಂದು ಏಟನ್ನೂ ಪೋಲು ಮಾಡಲಿಲ್ಲ. ನಿನ್ನೆ ನಿಂತ ಗೆರೆಯನ್ನು ಇವತ್ತು ಮುಂದುವರಿಸುತ್ತಿದ್ದ. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಆ ಹಾಳುಕಲ್ಲಿನ ತುಂಬ ಬಸವನ ಕಣ್ಣುಗಳು.

ದೊಡ್ಡದೊಂದು ನಂದಿ ಸಿದ್ಧವಾಯಿತು. ಅದರ ಕಣ್ಣು ತೆರೆಸುವ ಹಕ್ಕು ಹಿರಿಯ ಶಿಲ್ಪಿಯದು. ಮುಹೂರ್ತದ ಬೆಳಗ್ಗೆ ನೋಡಿದರೆ ಅವನ ಬಲಗೈಗೆ ಪಟ್ಟಿ! ಕೈ ಉಳುಕಿದೆ ಎಂದ. ಉಳಿದ ಶಿಲ್ಪಿಗಳು ಹಿಂದೆ ಸರಿದರು. ಒಂದು ಏಟು ತಪ್ಪಿದರೆ ಎರಡು ವರ್ಷದ ದುಡಿಮೆ ಮಣ್ಣುಪಾಲು. ಮಸೆಯುವವನು ಮಾತ್ರ ಮುಂದೆ ಬಂದ.

"ನಾನು ತೆರೆಸ್ತೀನಿ ಯಜಮಾನ್ರೇ."

"ತೆರೆಸಪ್ಪಾ. ಕೈ ಮಾತ್ರ ನಡುಗಬಾರದು."

ಒಂದು ಏಟು. ಇನ್ನೊಂದು. ಬಸವ ಕಣ್ಣು ಬಿಟ್ಟ! ಚಪ್ಪರಕ್ಕೆ ಚಪ್ಪರವೇ ಕೂಗಿಕೊಂಡಿತು. ಅಂದಿನಿಂದ ಅವನೂ ಶಿಲ್ಪಿಯಾದ. ಕೆಲವರು ಛಲಗಾರನೆಂದರು, ಹೊಟ್ಟೆ ಉರಿದವರು ಅದೃಷ್ಟವಂತನೆಂದರು.

ಮರುಳಪ್ಪನಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ.

"ಛಲವೇ, ಬುದ್ಧಿ! ಹನ್ನೆರಡು ವರ್ಷ ಆ ಕಣ್ಣುಗಳನ್ನು ಕೊರೆದವನು ಅವನೇ ಅಲ್ಲವೇ? ಯಜಮಾನನ ಕೈ ಉಳುಕದಿದ್ದರೂ ಅವನು ಶಿಲ್ಪಿಯಾಗಿಯೇ ಆಗುತ್ತಿದ್ದ." ಆಮೇಲೆ ನೆನಪಾಗಿ ಕೇಳಿದ, "ಅಂದ ಹಾಗೆ, ಪಾಪ, ಆ ಹಿರಿಯರ ಕೈ ವಾಸಿಯಾಯಿತೇ?"

ಗುರುಗಳು ಈಗ ತುಂಬುದನಿಯಲ್ಲಿ ಹೇಳಿದರು:

"ಆ ಹಾಳುಕಲ್ಲನ್ನು ನೋಡಿದ ಮೇಲೆಯೇ ಅವನು ಪಟ್ಟಿ ಕಟ್ಟಿಕೊಂಡದ್ದು, ಮರುಳಪ್ಪ. ಅವನ ಕೈಗೆ ಆಗಿದ್ದದ್ದು ನನ್ನ ಗಂಟಲಿಗೆ ಆಗಿರುವಷ್ಟೇ."