ದೊರೆ ಎಲೆಗೆ ಸುಣ್ಣ ಜಾಸ್ತಿಯಾದದ್ದು

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮ ತಾತನಿಗೆ ಮೀಸೆಯೂ ಮೊಳೆಯದ ಕಾಲಕ್ಕಿಂತ ಹಿಂದೆ, ಒಬ್ಬ ದೊರೆ ಇದ್ದನಂತೆ. ಕಣ್ಣು ಮುಚ್ಕೋ ಮಗಾ, ಕಿವಿ ಮಾತ್ರ ತೆಕ್ಕೊಂಡಿರು. ಆ ಸೀಮೇಲಿ ಒಂದು ಪದ್ಧತಿಯಂತೆ, ಎಲೆ ಅಡಿಕೆ ಬಾಯಲ್ಲಿದ್ದೋರನ್ನ ಮಾತಾಡಿಸಬಾರದು, ಯಾರೇ ಎಲೆ ಕೊಟ್ರೂ ಬೇಡ ಅನ್ನಬಾರದು. ದೊರೆಗೆ ಇನ್ನೇನು ಬೇಕು! ಯಾರಾದ್ರೂ ಏನಾದ್ರೂ ಕೇಳೋಕೆ ಎದ್ರೆ ಸಾಕು, ಗಬಕ್ಕನೆ ಎಲೆ ತುರುಕ್ಕೊಂಡು ಊಂ ಊಂ ಅಂತ ತಲೆ ಆಡಿಸ್ತಿದ್ದನಂತೆ.

ಆ ಊರಲ್ಲಿ ಮಾದೇವಿ ಅಂತ ಒಬ್ಬ ಹುಡುಗಿ. ಅವಳು ಅಪ್ಪನ ಹೆಗಲ ಮೇಲೆ ಕೂರೋವಷ್ಟು ಚಿಕ್ಕವಳಿದ್ದಾಗ ದೊರೆ ಅವನನ್ನ ಗಡಿ ಕಾಯೋಕೆ ಕಳಿಸಿದ್ದ. ಹಬ್ಬಕ್ಕೆ ಬಂದ್ಬಿಡ್ತೀನಿ ಅಂದ ಅಪ್ಪ ಎಷ್ಟು ಹಬ್ಬ ಹೋದರೂ ಬರಲಿಲ್ಲ. ಅಪ್ಪನ ಕೆಮ್ಮು ಹೆಂಗಿತ್ತು ಹೇಳವ್ವ ಅಂತ ಅವ್ವನ್ನ ಕೇಳಿ ಕೇಳಿ, ಬೀದೀಲಿ ಯಾರು ಕೆಮ್ಮಿದ್ರೂ ಬಾಗಿಲಿಗೆ ಓಡೋಳಂತೆ. ದಿನಾ ಸಂಜೆ ಅಪ್ಪನಿಗೇಂತ ಒಂದು ರೊಟ್ಟಿ ಒಲೆ ಪಕ್ಕ ಮುಚ್ಚಿಡೋಳು, ಬೆಳಿಗ್ಗೆ ಅದು ನಾಯಿಗೆ. ಊರಲ್ಲೆಲ್ಲ ಅಪ್ಪ ಬರೋದು ಬೇಡವಾಗಿದ್ದದ್ದು ಆ ನಾಯಿಗೊಂದಕ್ಕೇ ಅಂತೆ.

ಕೊನೆಗೆ ತಡಕೊಳ್ಳಲಾರದೆ ಅರಮನೆಗೆ ಹೋದಳು. ನಮ್ಮಪ್ಪ ಎಲ್ಲಿ ಸ್ವಾಮಿ ಅಂದಳು. ದೊರೆ ಎಲೆ ತುರುಕ್ಕೊಂಡ. ಬುದ್ಧಿಯವರು ಜಗೀತಾ ಇದಾರೆ, ಆಮೇಲೆ ಬಾರಮ್ಮ ಅಂದನಂತೆ ಮಂತ್ರಿ.

ಆಮೇಲೆ ಇನ್ನೊಂದು ಸಲ ಹೋಗಿ, ದೊರೆ ಉಗಿಯೋವರೆಗೂ ಕಾದು ಕೂತಳು. ಆಗ ದೊರೆ ಎದ್ದು, ಅಪ್ಪ ಅಂದ್ರೆ ಯಾರು ತಾಯಿ, ಆಕಾಶವೇ ಅಪ್ಪ, ಭೂಮಿಯೇ ಅವ್ವ, ನಿಮಗೆಲ್ಲ ನಾನೇ ದೊಡ್ಡಪ್ಪ ಅಂತ ಕಣ್ಣೊರೆಸಿಕೊಂಡು ಅವಳಿಗೊಂದು ಶಾಲು ಹೊದಿಸಿದ. ಎಲ್ಲರೂ ಚಪ್ಪಾಳೆ ಹೊಡೆದ್ರು, ಮಾದೇವಿನೂ ಹೊಡೆದಳು. ಮನೆಗೆ ಬಂದು ರೊಟ್ಟಿ ಮುಚ್ಚಿಡುವಾಗ, ಅಯ್ಯೋ, ಅಪ್ಪ ಎಲ್ಲಿ ಅಂತ ಹೇಳಲೇ ಇಲ್ಲವಲ್ಲ ಅಂತ ನೆನಪಾಯ್ತಂತೆ.

ಮೂರನೇ ಸಲ ತಾನೇ ಎಲೆ ಮಡಚಿಕೊಂಡು ಹೋದಳು. ಗೋಡೆಗೆ ಬಳಿದ ಹಾಗೆ ಸುಣ್ಣ ಬಳಿದು, ಮೇಲೆ ಚಂದಕ್ಕೊಂದು ಲವಂಗ. ಬೇಡ ಅನ್ನೋ ಹಾಗಿಲ್ಲವಲ್ಲ, ದೊರೆ ಗಬಕ್ಕನೆ ಹಾಕ್ಕೊಂಡ. ಅಗಿದಿದ್ದೇ ತಡ, ನಾಲಿಗೆ ಚುರ್ರಂತು! ಥೂ ಅಂತ ಉಗಿದು ಸಿಂಹಾಸನದ ಸುತ್ತ ಕುಣಿದನಂತೆ. ಮಾದೇವಿ ಸೆರಗಿಂದ ಬೆಣ್ಣೆ ಬಟ್ಟಲು ತೆಗೆದಳು.

ಏಯ್, ಬೇಗ ಕೊಡೇ ಅಂದ ಮಂತ್ರಿ.

ಕೊಡ್ತೀನಿ ಸ್ವಾಮಿ, ಈಗ ಬಾಯಿ ಖಾಲಿ ಇದೆಯಲ್ಲ, ನಮ್ಮಪ್ಪ ಎಲ್ಲಿ?

ಗಡಿಕಲ್ಲಿನ ಹತ್ರ ನಿಲ್ಲಿಸಿದ್ದೆ ಕಣೇ ಅಂತ ಅರಚಿದ ದೊರೆ. ನಾನು ಕರೆಯೋವರೆಗೂ ಅಲ್ಲಾಡಬೇಡ ಅಂದಿದ್ದೆ. ಕರೆಯೋದು ಮರೆತುಬಿಟ್ಟೆ. ಮರೆತೆ ಅಂತ ಹೇಳೋಕೆ ನಾಚಿಕೆಯಾಯ್ತು!

ಮಾದೇವಿ ಬೆಣ್ಣೆ ಬಟ್ಟಲು ಕೊಟ್ಟಳು. ಆಮೇಲೆ ಮೂಲೆಯಿಂದ ಒಬ್ಬ ಮುದುಕಿ ಎದ್ದು, ನನ್ನ ಮಗನ್ನ ಎಲ್ಲಿ ಮರೆತೆ ಬುದ್ಧಿ ಅಂದಳಂತೆ. ದೊರೆ ಕೈ ಎಲೆ ತಟ್ಟೆಗೆ ಹೋಯ್ತು, ಮಂತ್ರಿಯೇ ತಟ್ಟೆ ಹಿಂದಕ್ಕೆಳೆದ. ಅವತ್ತೇ ಗಡಿಗೆ ಕುದುರೆ ಓಡಿತು.

ಆಮೇಲೊಂದು ಸಂಜೆ ಬಾಗಿಲಲ್ಲಿ ಕೆಮ್ಮು ಕೇಳಿಸ್ತು. ಮಾದೇವಿ ಓಡಿದಳು. ಬಿಳಿ ಗಡ್ಡದ ಮನುಷ್ಯನೊಬ್ಬ ಅವಳನ್ನ ದಾಟಿ ಒಳಗೆ ಇಣುಕಿ, ಇಲ್ಲಿ ನನ್ನ ಪುಟ್ಟ ಮಗಳೊಬ್ಬಳು ಇದ್ದಳು, ಎಲ್ಲವ್ವಾ ಅಂದ.

ಮಾದೇವಿ ಅವನನ್ನ ಒಂದು ಗಳಿಗೇನೂ ಕಾಯಿಸಲಿಲ್ಲವಂತೆ. ನಾನೇ ಕಣಪ್ಪಾ ಅಂದಳಂತೆ.

ಅಪ್ಪ ಅವತ್ತು ಒಲೆ ಪಕ್ಕದ ರೊಟ್ಟಿ ತಿಂದ. ನಾಯಿ ಮಿಕಮಿಕ ನೋಡ್ತಾ ಕೂತಿತ್ತಂತೆ, ಪಾಪ, ಅದಕ್ಕೂ ಅರ್ಧ ಮುರಿದು ಹಾಕಿದ. ಹೊಟ್ಟೆ ತುಂಬಿ ನಾಯಿ ಮಲಗ್ತು, ಅಪ್ಪನ ತೊಡೆ ಮೇಲೆ ಮಾದೇವಿ ಮಲಗಿದಳು, ಅಲ್ಲಿಗೆ ಕತೆ ಮುಗೀತು, ನೀನೂ ಮಲಗು ಮಗಾ.