ಹನ್ನೊಂದು ಗಂಟೆಯ ನಾಡಿ

ನದಿಯ ದಂಡೆಯಲ್ಲೊಂದು ಆಶ್ರಮ, ಆಶ್ರಮಕ್ಕೊಂದು ಆಸ್ಪತ್ರೆ. ಅಲ್ಲಿ ಆಪರೇಷನ್ ಮಾಡುವವರು ಡಾಕ್ಟರು. ಅಷ್ಟು ಹೊತ್ತು ರೋಗಿಯನ್ನು ನಿದ್ದೆಯಲ್ಲಿಟ್ಟು, ಉಸಿರು ಕಾದು, ಮತ್ತೆ ಎಬ್ಬಿಸುವವರು ಎಸ್ತೇರಮ್ಮ ಎಂಬ ಹಿರಿಯ ನರ್ಸು.

ಗುಣವಾದವರು ಹಾರ ತರುತ್ತಿದ್ದುದು ಡಾಕ್ಟರಿಗೆ. ಎಸ್ತೇರಮ್ಮನ ಮುಖ ಅವರಿಗೆ ನೆನಪಿರುತ್ತಿರಲಿಲ್ಲ. ನಿದ್ದೆ ಚೆನ್ನಾಗಿ ಬಂದಿತ್ತು ಎಂದು ಅದರ ಅರ್ಥ.

ದಾಕ್ಷಾಯಣಿ ಎರಡು ವರ್ಷದಿಂದ ಅವರ ಬಳಿ ಈ ವಿದ್ಯೆ ಕಲಿಯುತ್ತಿದ್ದಳು. ಇನ್ನು ಉಳಿದಿದ್ದು ಒಂದೇ. ರೋಗಿಯ ತಲೆಯ ಹತ್ತಿರದ ಸ್ಟೂಲಿನ ಮೇಲೆ ಇವಳು ಒಬ್ಬಳೇ ಕೂರಬಹುದು ಎಂಬುದಕ್ಕೆ ಎಸ್ತೇರಮ್ಮನ ಸಹಿ.

"ಯಾವಾಗ ಹಾಕ್ತೀರಿ, ಸಿಸ್ಟರ್?"

"ಪೆನ್ನು ಹುಡುಕ್ತಿದೀನಿ."

ಪೆನ್ನು ಅವರ ಜೇಬಿನಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಕಂಬಳಿ ನೇಯುವ ಅಜ್ಜನೊಬ್ಬ ಹರ್ನಿಯಾ ಆಪರೇಷನ್ನಿಗೆ ಮಲಗಿದ್ದ. ಎಸ್ತೇರಮ್ಮ ನಿದ್ದೆ ಬರಿಸಿದರು. ಐದೈದು ನಿಮಿಷಕ್ಕೆ ನಾಡಿ ನೋಡಿ ಚಾರ್ಟಿನಲ್ಲಿ ಬರೆಯುವ ಕೆಲಸ ದಾಕ್ಷಾಯಣಿಯದು.

ಸ್ವಲ್ಪ ಹೊತ್ತಿನ ಮೇಲೆ ಎಸ್ತೇರಮ್ಮ ಚಾರ್ಟಿನ ಕಡೆ ಬಗ್ಗಿದರು.

"ಈಗ ಗಂಟೆ ಎಷ್ಟು?"

"ಹತ್ತೂ ನಲವತ್ತು, ಸಿಸ್ಟರ್."

"ಹನ್ನೊಂದು ಗಂಟೆಯ ನಾಡಿ ಎಪ್ಪತ್ತೆಂಟು ಅಂತ ಬರೆದಿದೀಯಲ್ಲ."

ದಾಕ್ಷಾಯಣಿ ಮಾಸ್ಕಿನೊಳಗೆ ತುಟಿ ಕಚ್ಚಿದಳು. "ಶುರುವಿನಿಂದ ಎಪ್ಪತ್ತೆಂಟೇ ಇದೆ. ಇನ್ನೂ ಅಷ್ಟೇ ಇರುತ್ತೆ. ನಾಲ್ಕು ಸಲ ಬರೆಯೋದನ್ನ ಒಂದೇ ಸಲ ಬರೆದೆ."

"ಜ್ಯೋತಿಷ್ಯನೂ ಕಲಿತಿದೀಯ ಅಂತ ಗೊತ್ತಿರಲಿಲ್ಲ."

ಎಸ್ತೇರಮ್ಮ ಅಜ್ಜನ ಕುತ್ತಿಗೆಯ ಮೇಲೆ ಬೆರಳಿಟ್ಟುಕೊಂಡು ಕೂತರು.

ಹನ್ನೊಂದು ಗಂಟೆಗೆ ಅಜ್ಜನ ನಾಡಿ ಎಪ್ಪತ್ತೆಂಟೇ ಇತ್ತು. ದಾಕ್ಷಾಯಣಿಗೆ ಒಳಗೊಳಗೇ ಗೆದ್ದಂತಾಯಿತು.

ಮರುದಿನ ದಾಕ್ಷಾಯಣಿಯ ತಾಯಿ ನೀಲವ್ವನಿಗೆ ಗರ್ಭಕೋಶದ ಆಪರೇಷನ್ ಇತ್ತು. ಆಗಲೇ ವಾರ್ಡಿಗೆ ಸೇರಿಸಿ ಆಗಿತ್ತು.

ಅಜ್ಜನ ಆಪರೇಷನ್ ಆದ ದಿನವೇ ಸಂಜೆ ಎಸ್ತೇರಮ್ಮ ನದಿಯ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಬಿಟ್ಟಿದ್ದರು. ದಾಕ್ಷಾಯಣಿ ಬಂದಾಗ ಮಡಿಸಿದ ಹಾಳೆಯೊಂದನ್ನು ಕೊಟ್ಟರು.

"ನಿಮ್ಮವ್ವನ ಚಾರ್ಟು. ಒಂದ್ಸಲ ನೋಡಿಬಿಡು."

ನಾಳೆಯ ತಾರೀಖು. ಹತ್ತು ಗಂಟೆಗೆ ನಾಡಿ ಎಂಬತ್ತು. ಹತ್ತೂ ಐದಕ್ಕೆ ಎಂಬತ್ತು. ಹಾಗೇ ಮುದ್ದಾದ ಅಕ್ಷರದಲ್ಲಿ ಹನ್ನೊಂದೂವರೆಯ ತನಕ. ಕೊನೆಯಲ್ಲಿ: ಎಚ್ಚರವಾಯಿತು, ಮಗಳನ್ನು ಕೇಳಿದರು.

"ನಾಳೆ ನೀವು ಇರಲ್ವಾ, ಸಿಸ್ಟರ್?"

"ಇರ್ತೀನಿ. ಬರೆಯೋದು ಮುಗೀತಲ್ಲ, ಕೂತು ಮೊಮ್ಮಗಳಿಗೆ ಒಂದು ಕುಲಾವಿ ಹೆಣೀಬೇಕು ಅಂತಿದೀನಿ."

ದಾಕ್ಷಾಯಣಿ ಹಾಳೆಯನ್ನು ಅವರ ಕಡೆ ಚಾಚಿದಳು.

"ಅವಳು ನಮ್ಮವ್ವ, ಸಿಸ್ಟರ್."

"ಹೌದು. ಬೆಳಿಗ್ಗೆ ಆಪರೇಷನ್ ಕೋಣೆಯ ಬಾಗಿಲಾಚೆ ಬೆಂಚಿನ ಮೇಲೆ ಆ ಅಜ್ಜನ ಹೆಂಡತಿ ಕೂತಿದ್ದಳು. ನೋಡಿದ್ಯಾ?"

"ಇಲ್ಲ."

ಎಸ್ತೇರಮ್ಮ ಹಾಳೆಯನ್ನು ವಾಪಸು ತೆಗೆದುಕೊಂಡು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಸೆರಗಿನಲ್ಲಿ ಕಾಲು ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದರು.

ಬೆಳಿಗ್ಗೆ ನೀಲವ್ವನನ್ನು ಒಳಗೆ ತಳ್ಳಿಕೊಂಡು ಹೋದರು. ದಾಕ್ಷಾಯಣಿ ಹಸಿರು ಗೌನು ಹಾಕಿಕೊಂಡು, ಖಾಲಿ ಚಾರ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾನೇ ಬರೀತೀನಿ, ಸಿಸ್ಟರ್. ಪ್ರತಿಯೊಂದನ್ನೂ ಮುಟ್ಟಿ ನೋಡಿ ಬರೀತೀನಿ. ಸಹಿ ಹಾಕದಿದ್ದರೂ ಪರವಾಗಿಲ್ಲ."

ಎಸ್ತೇರಮ್ಮ ಅವಳ ಕೈಯಿಂದ ಚಾರ್ಟು ತೆಗೆದುಕೊಂಡರು. ತಮ್ಮ ಕೈಗಡಿಯಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. ಬೆಂಚು ತೋರಿಸಿದರು.

"ಅಲ್ಲಿ ಕೂತ್ಕೋ. ಐದು ನಿಮಿಷ ಎಷ್ಟು ಉದ್ದ ಇರುತ್ತೆ ಅಂತ ಆಮೇಲೆ ನನಗೆ ಹೇಳು."