ಮೊದಲ ಗೂಟದ ಟೋಪಿ

ಮಹಾರಾಣಿಯ ಕಾಲದ ಲಂಡನ್ನಿನಲ್ಲಿ, ಮಂತ್ರಿಗಳು ಸೇರುವ ಕೋಣೆಯ ಹೊರಗೆ ಟೋಪಿಗಳಿಗೆಂದೇ ಗೂಟಗಳ ಸಾಲಿತ್ತು. ಹೊಸ ಸರ್ಕಾರ ಬಂದ ದಿನ ಪ್ರಧಾನಿಯ ಕರಿ ರೇಷ್ಮೆ ಟೋಪಿ ಮೊದಲ ಗೂಟವೇರಿತು. ಕಿಟಕಿಯಿಂದ ನುಸುಳುವ ಮಂಜಿನಲ್ಲಿ ಉಳಿದ ಟೋಪಿಗಳೆಲ್ಲ ತನಗೆ ತಲೆಬಾಗಿ ತೇಲುತ್ತಿರುವಂತೆ ಅದಕ್ಕೆ ಕಾಣುತ್ತಿತ್ತು. ತಾನು ಇಳಿದರೆ ಇನ್ನೊಂದು ಏರಿಬಿಡುತ್ತದೆ ಎಂಬುದೊಂದೇ ಅದರ ಚಿಂತೆ.

ಒಂದು ಸಂಜೆ ಪಾರ್ಲಿಮೆಂಟಿನಲ್ಲಿ ಸರ್ಕಾರದ ಅಳಿವು ಉಳಿವಿನ ಮತದಾನವಿತ್ತು. ಪ್ರಧಾನಿ ಅವಸರದಿಂದ ಟೋಪಿಗೆ ಕೈ ಹಾಕಿದರು.

"ಏ ಗೂಟ, ನನ್ನನ್ನು ಬಿಡಬೇಡ," ಎಂದಿತು ಟೋಪಿ.

"ಹಿಡಿದುಕೊಳ್ಳುವುದೇ ನನ್ನ ಕಸುಬು, ಸ್ವಾಮಿ. ಆದರೆ ತಮ್ಮ ತಲೆ ಹೊರಟಿದೆಯಲ್ಲ?"

"ತಲೆ ಬೇರೆ ಸಿಗುತ್ತದೆ. ಈ ಜಾಗ ಸಿಗುತ್ತದೆಯೇ?"

ಗೂಟ ಬಿಗಿಯಾಗಿ ಹಿಡಿಯಿತು. ಪ್ರಧಾನಿ ಬರಿದಲೆಯಲ್ಲೇ ಓಡಿದರು.

ಆ ಸಭೆಯದೊಂದು ಪದ್ಧತಿ: ಮತದಾನದ ನಡುವೆ ಆಕ್ಷೇಪ ಎತ್ತುವವರು ಟೋಪಿ ಹಾಕಿಕೊಂಡು, ಕೂತೇ ಮಾತಾಡಬೇಕು. ಬಾಗಿಲು ಹಾಕಿದ ಮೇಲೆ ಎದುರು ಪಕ್ಷದವರೊಬ್ಬರು ಒಳಗೆ ನುಸುಳಿದ್ದನ್ನು ಪ್ರಧಾನಿ ಕಣ್ಣಾರೆ ಕಂಡರು; ಆಕ್ಷೇಪ ಎತ್ತಿದರೆ ಆ ಮತ ಲೆಕ್ಕಕ್ಕಿಲ್ಲ. ಬಾಯಿ ತೆರೆಯುವ ಮೊದಲು ತಲೆ ಮುಟ್ಟಿ ನೋಡಿಕೊಂಡರು. ಪಕ್ಕದ ಮಂತ್ರಿಗಳು ಯಾರೂ ತಮ್ಮ ಟೋಪಿ ಕೊಡಲಿಲ್ಲ; ಅವರಿಗೂ ಮೊದಲ ಗೂಟದ ಮೇಲೆ ಕಣ್ಣಿತ್ತು. ದೇಶಕ್ಕೆಲ್ಲ ಟೋಪಿ ಹಾಕಿದ್ದ ಸರ್ಕಾರ, ಒಂದು ಟೋಪಿಯಿಲ್ಲದೆ, ಒಂದೇ ಮತದಿಂದ ಬಿತ್ತು.

ಬೆಳಿಗ್ಗೆ ಮಂಜಿನೊಳಗಿಂದ ಹೊಸ ಪ್ರಧಾನಿಯ ಟೋಪಿ ಬಂತು. ಆಳು ಹಳೆಯದರ ಅಂಚಿಗೆ ಕೈ ಹಾಕಿದ.

"ಗೂಟಣ್ಣ, ಬಿಡಬೇಡಪ್ಪಾ!" ಎಂದು ಹಳೆಯ ಟೋಪಿ ಅಂಗಲಾಚಿತು.

"ಖಂಡಿತ ಬಿಡುವುದಿಲ್ಲ, ಸ್ವಾಮಿ," ಎಂದಿತು ಗೂಟ, ಹೊಸ ಟೋಪಿಗೆ.